ಗರ್ಭಚೀಲ ಹೋಯಿತು, ಗುಳಿಗೆಯೂ ನಿಂತಿತು

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆ ‘ಚೀಲ ತೆಗೆಸ್ಯಾರ’ ಎಂದರೆ ಯಾರೂ ಅರ್ಥ ಕೇಳುವುದಿಲ್ಲ. ಆದರೆ ಗರ್ಭಚೀಲದ ಜೊತೆ ಅಂಡಾಶಯಗಳನ್ನೂ ತೆಗೆದರೇ ಎಂದು ಕೇಳಿದರೆ ಎಷ್ಟೋ ಹೆಂಗಸರಿಗೆ ಗೊತ್ತಿರುವುದಿಲ್ಲ. ಅದು ಆಸ್ಪತ್ರೆಯ ಚೀಟಿಯಲ್ಲಿ ಇಂಗ್ಲಿಷಿನಲ್ಲಿರುತ್ತದೆ. ಅಂಡಾಶಯ ಹೋದರೆ ಈಸ್ಟ್ರೋಜನ್ ಹಾರ್ಮೋನು ಒಮ್ಮೆಲೇ ಕಡಿಮೆಯಾಗುತ್ತದೆ. ಮೂವತ್ತೈದರಲ್ಲೇ ಮುಟ್ಟು ನಿಂತವಳ ಸ್ಥಿತಿ: ಮೈ ಬಿಸಿ, ಬೆವರು, ನಿದ್ದೆಗೇಡು, ಮುಂದೆ ಎಲುಬಿನ ಸವೆತ. ಇಂಥವರಿಗೆ ಕೆಲವು ತಿಂಗಳು ಹಾರ್ಮೋನು ಗುಳಿಗೆ ಕೊಟ್ಟು, ‘ಸಾಕು, ಕ್ಯಾನ್ಸರ್ ಬಂದೀತು’ ಎಂದು ನಿಲ್ಲಿಸುವ ವೈದ್ಯರಿದ್ದಾರೆ. ಈ ಭಯಕ್ಕೊಂದು ಇತಿಹಾಸವಿದೆ.

ನಮ್ಮ ಹಿರಿಯ ಹೆಂಗಸರು ಮುಟ್ಟು ನಿಲ್ಲುವುದನ್ನು ಕಾಯಿಲೆಯೆಂದು ನೋಡಿದವರಲ್ಲ. ನಮಾಜು, ಉಪವಾಸ, ಪೂಜೆಗಳಿಗೆ ಇನ್ನು ತಡೆಯಿಲ್ಲವೆಂಬ ನೆಮ್ಮದಿಯೂ ಅದರಲ್ಲಿತ್ತು. ಅಮೆರಿಕದಲ್ಲಿ ಹಾಗಾಗಲಿಲ್ಲ. ಗಬ್ಬದ ಕುದುರೆಯ ಮೂತ್ರದಿಂದ ತಯಾರಿಸಿದ ಪ್ರೆಮರಿನ್ ಗುಳಿಗೆಗೆ ಅಲ್ಲಿ 1942ರಲ್ಲಿ ಅನುಮತಿ ಸಿಕ್ಕಿತು. 1966ರಲ್ಲಿ ರಾಬರ್ಟ್ ವಿಲ್ಸನ್ ಎಂಬ ವೈದ್ಯ ಪುಸ್ತಕ ಬರೆದು, ಈ ಗುಳಿಗೆ ನುಂಗಿದರೆ ಯೌವನ ಉಳಿಯುತ್ತದೆಂದು ಸಾರಿದ. ಅದು ವೈದ್ಯಕ್ಕಿಂತ ವ್ಯಾಪಾರಕ್ಕೆ ಹತ್ತಿರವಾಗಿತ್ತು. 1975ರಲ್ಲಿ, ಈಸ್ಟ್ರೋಜನ್ ಒಂದನ್ನೇ ಕೊಟ್ಟರೆ ಗರ್ಭಕೋಶದ ಒಳಪದರದ ಕ್ಯಾನ್ಸರ್ ಹೆಚ್ಚುತ್ತದೆಂದು ಗೊತ್ತಾಯಿತು. ಆಗ ಗರ್ಭಚೀಲ ಇರುವವರಿಗೆ ಪ್ರೊಜೆಸ್ಟಿನ್ ಕೂಡಿಸಿ ಕೊಡುವ ರೂಢಿ ಬಂತು.

ದೊಡ್ಡ ಪೆಟ್ಟು ಬಿದ್ದದ್ದು 2002ರ ಜುಲೈನಲ್ಲಿ. ‘ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್’ ಎಂಬ ಅಮೆರಿಕದ ಅಧ್ಯಯನದಲ್ಲಿ ಎರಡೂ ಹಾರ್ಮೋನು ಸೇರಿದ ಗುಳಿಗೆಯ ಪರೀಕ್ಷೆಯನ್ನು ನಡುವೆಯೇ ನಿಲ್ಲಿಸಲಾಯಿತು. ಅದರಲ್ಲಿದ್ದವರು 16,608 ಮಹಿಳೆಯರು. ವರ್ಷಕ್ಕೆ 10,000 ಮಂದಿಯಲ್ಲಿ ಸ್ತನ ಕ್ಯಾನ್ಸರ್ 30ರಿಂದ 38ಕ್ಕೆ ಏರಿತ್ತು. ಪತ್ರಿಕೆಗಳು ಇದನ್ನು ಶೇಕಡಾವಾರಿನಲ್ಲಿ ಹೇಳಿದಾಗ ಭಯ ಬೆಳೆಯಿತು. ಜಗತ್ತಿನಾದ್ಯಂತ ವೈದ್ಯರು ಗುಳಿಗೆ ಬರೆಯುವುದನ್ನು ಕೈಬಿಟ್ಟರು. ಆ ಮಹಿಳೆಯರ ಸರಾಸರಿ ವಯಸ್ಸು 63 ಎಂಬುದನ್ನು ಗಮನಿಸಿದವರು ಕಡಿಮೆ.

ಗರ್ಭಚೀಲ ಇಲ್ಲದ 10,739 ಮಹಿಳೆಯರಿಗೆ ಈಸ್ಟ್ರೋಜನ್ ಒಂದನ್ನೇ ಕೊಟ್ಟ ಇನ್ನೊಂದು ಪರೀಕ್ಷೆಯೂ ಅದೇ ಅಧ್ಯಯನದಲ್ಲಿತ್ತು. ಪಾರ್ಶ್ವವಾಯು ಹೆಚ್ಚಿದ್ದರಿಂದ 2004ರಲ್ಲಿ ಅದೂ ನಿಂತಿತು. ಆದರೆ ಸ್ತನ ಕ್ಯಾನ್ಸರ್ ಅಲ್ಲಿ ಹೆಚ್ಚಿರಲಿಲ್ಲ. ದೀರ್ಘಕಾಲ ಗಮನಿಸಿ 2020ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅದು ಕಡಿಮೆಯೇ ಆಗಿತ್ತು. ನಮ್ಮ ಕಡೆಯ ‘ಚೀಲ ತೆಗೆಸಿದ’ ಹೆಂಗಸರಿಗೆ ಸಂಬಂಧಿಸಿದ್ದು ಈ ಎರಡನೆಯ ಪರೀಕ್ಷೆ. ಅವರನ್ನು ಹೆದರಿಸುವುದು ಮಾತ್ರ ಮೊದಲನೆಯದರ ಸುದ್ದಿ!

ನಮ್ಮಲ್ಲಿ ಇಂಥವರು ಎಷ್ಟು ಮಂದಿ? ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ. 3ಕ್ಕಿಂತ ತುಸು ಹೆಚ್ಚು ಮಂದಿಗೆ ಗರ್ಭಕೋಶವಿಲ್ಲ. ಕಲಬುರಗಿಯ ತಾಂಡಾಗಳಲ್ಲಿ, ನಮ್ಮ ನೆರೆಯ ಹಾವೇರಿ ಜಿಲ್ಲೆಯ ರಾಣೇಬೆನ್ನೂರಿನಲ್ಲಿ ಅನಗತ್ಯವಾಗಿ ಗರ್ಭಚೀಲ ತೆಗೆದರೆಂಬ ದೂರುಗಳು ಎದ್ದವು. ಬಡ ಲಂಬಾಣಿ ಹೆಂಗಸರು ಬೀದಿಗಿಳಿದರು. 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಇಂಥ ಶಸ್ತ್ರಚಿಕಿತ್ಸೆಗಳ ಮೇಲೆ ನಿಗಾ ಇಡುವ ಮಾರ್ಗಸೂಚಿಯನ್ನು ಜಾರಿಗೆ ತರುವಂತೆ ರಾಜ್ಯಗಳಿಗೆ ಹೇಳಿತು. ಕತ್ತರಿ ಹಿಡಿಯಲು ಅವಸರಪಟ್ಟ ವೈದ್ಯಕೀಯವು ಗುಳಿಗೆ ಬರೆಯುವಾಗ ಇಷ್ಟೊಂದು ಎಚ್ಚರ ವಹಿಸುವುದು ವಿಚಿತ್ರವಲ್ಲವೇ?

ಹಾರ್ಮೋನು ಎಲ್ಲರಿಗೂ ಸಲ್ಲುವುದಿಲ್ಲ. ಸ್ತನ ಕ್ಯಾನ್ಸರ್, ಪಾರ್ಶ್ವವಾಯು, ರಕ್ತ ಹೆಪ್ಪುಗಟ್ಟುವ ತೊಂದರೆ, ತೀವ್ರ ಯಕೃತ್ತಿನ ಕಾಯಿಲೆ ಇದ್ದವರಿಗೆ ಸಾಮಾನ್ಯವಾಗಿ ಅದನ್ನು ಕೊಡುವುದಿಲ್ಲ. ಅಂಥ ಅಡ್ಡಿ ಇಲ್ಲದವರಿಗೆ, 45ರೊಳಗೆ ಅಂಡಾಶಯ ಕಳೆದುಕೊಂಡಿದ್ದರೆ, ಮುಟ್ಟು ಸಹಜವಾಗಿ ನಿಲ್ಲುವ ವಯಸ್ಸಿನವರೆಗಾದರೂ ಹಾರ್ಮೋನು ಕೊಡಬೇಕೆಂಬುದು ಇಂದಿನ ತಜ್ಞ ಸಂಘಗಳ ಸಲಹೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು ಈ ಔಷಧಿಗಳ ಮೇಲಿದ್ದ ಕಠಿಣ ಎಚ್ಚರಿಕೆಗಳಲ್ಲಿ ಹೆಚ್ಚಿನವನ್ನು ತೆಗೆಯುವುದಾಗಿ 2025ರ ನವೆಂಬರ್‌ನಲ್ಲಿ ಪ್ರಕಟಿಸಿತು.

ಮುಂಡರಗಿಯಿಂದ ಗದಗಕ್ಕೆ ಬಸ್ಸು ಹತ್ತುವ ಹೆಂಗಸು ಶಸ್ತ್ರಚಿಕಿತ್ಸೆಯ ಹಳೆಯ ಚೀಟಿಯನ್ನು ಜೊತೆಗೊಯ್ದು, ಅಂಡಾಶಯ ಉಳಿದಿದೆಯೇ ಎಂದು ಮೊದಲು ಕೇಳಬೇಕು. ಗುಳಿಗೆ ನಿಲ್ಲಿಸಿ ಎಂದರೆ, ತನ್ನ ವಯಸ್ಸಿಗೆ, ತನ್ನಂಥ ದೇಹಕ್ಕೆ ಅಪಾಯವೆಷ್ಟು ಎಂದು ಕೇಳಬೇಕು.