ಹಾದು ಹೋಗುವವರ ಪರವಾನಿಗೆ

ನಮ್ಮ ಮನೋಳಿಯ ಹೆಸರು ಇಂಗ್ಲಿಷರ ದಂಡಿನ ಚರಿತ್ರೆಯಲ್ಲಿ ಬರುವುದು ಧೋಂಡಿಯಾ ವಾಘನ ಜೊತೆಗೆ. 1800ರ ಜುಲೈ 30ರಂದು ಆರ್ಥರ್ ವೆಲ್ಲೆಸ್ಲಿ ಮಲಪ್ರಭೆಯ ದಂಡೆಯಲ್ಲಿ, ಮನೋಳಿಯ ಹತ್ತಿರ, ಅವನ ಪಾಳೆಯದ ಮೇಲೆ ಬಿದ್ದ. ಈ ಪಾಠ ಹೇಳುವಾಗ ನಾನು ಕಾಳಗಕ್ಕಿಂತ ಅದರ ಹಿಂದಿನ ಸಂಗತಿಯನ್ನೇ ಮಕ್ಕಳಿಗೆ ಒತ್ತಿ ಹೇಳುತ್ತೇನೆ. 1799ರಲ್ಲಿ ಧೋಂಡಿಯಾ ಮರಾಠರ ಸೀಮೆಗೆ ಓಡಿದಾಗ ಬೆನ್ನಟ್ಟಿದ ದಂಡು ಗಡಿಯಲ್ಲೇ ನಿಂತುಬಿಟ್ಟಿತು. ಪೇಶ್ವೆಯ ಒಪ್ಪಿಗೆ ದೊರೆತ ಮೇಲೆಯೇ ಮರುವರ್ಷ ವೆಲ್ಲೆಸ್ಲಿ ತುಂಗಭದ್ರೆಯನ್ನು ದಾಟಿದ. ತೋಪು ಬಂದೂಕು ಇದ್ದವನಿಗೂ ಪರರ ನೆಲ ತುಳಿಯಲು ಅಪ್ಪಣೆ ಬೇಕಾಯಿತು.

ಆಮೇಲೆ ರೈಲು ಬಂತು. ಧಾರವಾಡ ಸೀಮೆಯ ಹತ್ತಿ ಮುರ್ಮಗೋವಾ ಬಂದರಕ್ಕೆ ಹೋಗಲೆಂದು ಘಟ್ಟದಲ್ಲಿ ಹಳಿ ಹಾಕಿ 1888ರಲ್ಲಿ ತೆರೆದರು. ಈಚೆ ಇಂಗ್ಲಿಷರ ಕ್ಯಾಸಲ್‌ರಾಕ್, ಆಚೆ ಪೋರ್ಚುಗೀಜರ ಕುಳೇಂ. ಹಳಿ ಒಂದೇ ಆದರೂ ಸರ್ಕಾರ ಎರಡು. ಗಾಡಿ ನಿಲ್ಲಬೇಕು, ಗಂಟುಮೂಟೆ ಬಿಚ್ಚಿ ತೋರಿಸಬೇಕು. ಬಂದರದಲ್ಲಿ ಹಡಗು ಹತ್ತಿ ಬೇರೆ ದೇಶಕ್ಕೆ ಹೋಗುವವನಿಗೂ ಇದು ತಪ್ಪುತ್ತಿರಲಿಲ್ಲ. 1955ರಲ್ಲಿ ಆ ದಾರಿಯೇ ಮುಚ್ಚಿತು. 1961ರಲ್ಲಿ ಗೋವೆ ಬಿಡುಗಡೆಯಾದ ಮೇಲೆ ಗಡಿಯ ಮಾತೇ ಉಳಿಯಲಿಲ್ಲ.

ಗಡಿ ಉಳಿಯಲಿಲ್ಲವೆಂದೆನಲ್ಲ, ಅದು ಈಗ ವಿಮಾನ ನಿಲ್ದಾಣದೊಳಗೆ ಬಂದು ಕೂತಿದೆ. 1944ರಲ್ಲಿ ಶಿಕಾಗೋದಲ್ಲಿ ಹಲವು ದೇಶಗಳು ಸೇರಿ ವಿಮಾನಯಾನದ ಒಪ್ಪಂದ ಮಾಡಿಕೊಂಡವು. ನಿಲ್ದಾಣದಿಂದ ಹೊರಬೀಳದೆ ವಿಮಾನ ಬದಲಿಸುವವರನ್ನು ವೀಸಾ ಕೇಳಿ ಕಾಡಬಾರದೆಂಬುದು ಅದರ ಅಡಿಯಲ್ಲಿ ಹುಟ್ಟಿದ ನಿಯಮಗಳ ಆಶಯ. ಆದರೆ ಆಶಯ ಒಂದು, ನಡೆ ಒಂದು. ನಿಲ್ದಾಣದಲ್ಲಿ ಕೂಡಲಿಕ್ಕೂ ವೀಸಾ ಬೇಕಾದ ಹತ್ತು ದೇಶಗಳ ಪಟ್ಟಿಯನ್ನು 1996ರಲ್ಲಿ ಯುರೋಪಿನವರು ಮಾಡಿದರು. ಅದರಲ್ಲಿ ಶ್ರೀಲಂಕಾ ಇತ್ತು, ಭಾರತ ಇರಲಿಲ್ಲ. ಆದರೆ ಬೇರೆ ಹೆಸರು ಸೇರಿಸಿಕೊಳ್ಳುವ ಸ್ವಾತಂತ್ರ್ಯ ಒಂದೊಂದು ದೇಶಕ್ಕೂ ಇತ್ತು. ಅಮೆರಿಕವು ವೀಸಾ ಇಲ್ಲದೆ ಹಾದುಹೋಗಲು ಕೊಟ್ಟಿದ್ದ ಸವಲತ್ತನ್ನು 2003ರಲ್ಲಿ ನಿಲ್ಲಿಸಿತು. ಅಲ್ಲಿ ಒಂದು ತಾಸು ನಿಂತು ಕೆನಡಾಕ್ಕೆ ಹೋಗುವ ಭಾರತೀಯರಿಗೂ ಅಮೆರಿಕದ ವೀಸಾ ಬೇಕು.

ಇದು ತಿಳಿಯದೆ ನಮ್ಮ ಕಡೆಯ ಒಬ್ಬ ತಾಯಿ ಪಟ್ಟ ಪಾಡು ನನಗೆ ಗೊತ್ತು. ಕೆನಡಾದಲ್ಲಿದ್ದ ಮಗಳ ಬಾಣಂತನಕ್ಕೆಂದು ಅಂಟಿನುಂಡಿ ಕಟ್ಟಿಕೊಂಡು ಹೊರಟಿದ್ದರು. ಕೆನಡಾದ ವೀಸಾ ಕೈಯಲ್ಲಿತ್ತು. ಟಿಕೀಟು ಸೋವಿ ಎಂದು ಅಮೆರಿಕದ ಮೇಲೆ ಹಾಯುವ ವಿಮಾನ ಹಿಡಿದಿದ್ದರು. ಕೌಂಟರಿನಲ್ಲೇ ತಡೆದರು. ಕಾಗದವಿಲ್ಲದವರನ್ನು ಕರೆದೊಯ್ದರೆ ವಿಮಾನದವರೇ ದಂಡ ತೆತ್ತು ಮರಳಿ ತರಬೇಕು, ಅದಕ್ಕೇ ಅವರ ಬಿಗಿ. ಮತ್ತೊಂದು ಟಿಕೀಟು ಕೊಂಡು ಅವರು ತಲುಪುವಷ್ಟರಲ್ಲಿ ಮೊಮ್ಮಗು ಹುಟ್ಟಿತ್ತು. ಮೊದಲ ಹೆರಿಗೆಯಲ್ಲಿ ಮಗಳ ಬಳಿ ತಾಯಿ ಇರಲಿಲ್ಲ.

ಆದ್ದರಿಂದ ಮಕ್ಕಳು ಟಿಕೀಟು ಕಳಿಸಿದರೆ ದರ ಎಷ್ಟೆಂದು ಕೇಳುವ ಮೊದಲು, ನಡುವೆ ಎಲ್ಲಿ ಇಳಿಯಬೇಕು, ಅಲ್ಲಿಯ ಕಾಗದ ಬೇಕೇ ಎಂದು ಕೇಳಿರಿ. ಟಿಕೀಟು ಒಂದೋ ಎರಡೋ ಎಂದೂ ಕೇಳಿರಿ. ಎರಡಿದ್ದರೆ ಪೆಟ್ಟಿಗೆ ಬಿಡಿಸಿಕೊಳ್ಳಲು ಹೊರಗೆ ಬರಬೇಕಾಗಬಹುದು. ಹೊರಗೆ ಬಂದರೆ ಆ ದೇಶವನ್ನು ಹೊಕ್ಕಂತೆಯೇ ಲೆಕ್ಕ. ನಿಯಮ ಬದಲಾಗುತ್ತಲೇ ಇರುತ್ತವೆ, ಹೋದ ವರ್ಷ ಹೋಗಿಬಂದವರ ಮಾತು ಸಾಲದು. ಆ ದೇಶದ ರಾಯಭಾರ ಕಚೇರಿಯ ಮಾತೇ ಪ್ರಮಾಣ. ಪೇಶ್ವೆಯ ಕಾಲಕ್ಕೂ ಈ ಕಾಲಕ್ಕೂ ನನಗೆ ಕಾಣುವ ಭೇದ ಇಷ್ಟೇ: ಅಂದು ಅಪ್ಪಣೆ ಕೇಳಿದ್ದು ದಂಡು, ಇಂದು ಉಂಡಿ ಡಬ್ಬಿ ಹಿಡಿದ ತಾಯಿ.