ಹಲರಿಂದ ಪುರಸಭೆಗೆ: ಕುಂದಾಪುರ ಸೀಮೆಯ ಸ್ಥಳೀಯ ಆಳ್ವಿಕೆಯಲ್ಲಿ ಹಣ ಮತ್ತು ಊರಿನ ಪ್ರಶ್ನೆ

ಊರಿನ ಆಳ್ವಿಕೆಯಲ್ಲಿ ಹಣದ ಪ್ರಭಾವವನ್ನು ಇತ್ತೀಚಿನ ಕೇಡೆಂದು ಭಾವಿಸುವುದು ರೂಢಿ. ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳ ಸೀಮೆಯ ಚರಿತ್ರೆಯನ್ನು ಅವಲೋಕಿಸಿದರೆ ಈ ಭಾವನೆಯನ್ನು ತಿದ್ದಿಕೊಳ್ಳಬೇಕಾಗುತ್ತದೆ. ಇಲ್ಲಿ ಹಣವು ಆಳ್ವಿಕೆಯೊಳಗೆ ಹೊರಗಿನಿಂದ ನುಸುಳಿದ ವಸ್ತುವಲ್ಲ. ಬಹುಕಾಲ ಅದೇ ಅರ್ಹತೆಯಾಗಿತ್ತು.

ಆಳುಪರ ರಾಜಧಾನಿಯಾಗಿದ್ದು, ಮುಂದೆ ವಿಜಯನಗರದ ಕಾಲದಲ್ಲಿ ರಾಜ್ಯವೊಂದರ ಕೇಂದ್ರವಾದ ಬಾರಕೂರಿನ ಶಾಸನಗಳು ಹತ್ತು ಕೇರಿಯ ಹಲರನ್ನು ಮತ್ತೆಮತ್ತೆ ಹೆಸರಿಸುತ್ತವೆ. ಮೂಡಕೇರಿ, ಮಣಿಗಾರಕೇರಿ, ಕೋಟೆಕೇರಿ, ಚೌಳಿಕೇರಿ ಎಂಬ ಹೆಸರುಗಳು ಇಂದಿಗೂ ಬಳಕೆಯಲ್ಲಿವೆ. ಅಕ್ಕಿಯ ವ್ಯಾಪಾರಕ್ಕೆ ಹೆಸರಾದ ಬಸರೂರಿನಲ್ಲಿ ಪಡುವಕೇರಿ, ಮೂಡಕೇರಿಗಳ ಹಲರೂ ಸೆಟ್ಟಿಕಾರರೂ ಕಾಣಿಸಿಕೊಳ್ಳುತ್ತಾರೆ. ಹಲರೆಂದರೆ ಹಲವರು. ಆದರೆ ಈ ಹಲವರು ಎಲ್ಲರಲ್ಲ. ದಾನದತ್ತಿಗಳಿಗೆ ಸಾಕ್ಷಿಗಳಾಗಿ, ರಕ್ಷಕರಾಗಿ ನಿಂತ ಇವರು ವ್ಯಾಪಾರ, ಭೂಮಿ ಮತ್ತು ಮನೆತನದ ಬಲವುಳ್ಳವರು. ಹಲರನ್ನು ಪ್ರಜಾಪ್ರಭುತ್ವದ ಬೇರೆಂದು ಕೊಂಡಾಡುವ ನಮ್ಮ ಉತ್ಸಾಹಕ್ಕೆ ಸ್ವಲ್ಪ ಕಡಿವಾಣ ಬೇಕು. ಊರಿನ ಪ್ರಶ್ನೆಯನ್ನು ಎತ್ತುವ ಹಕ್ಕು ಅಂದು ಹಣವಿದ್ದವರಿಗೇ ಇತ್ತು. ಹಣ ಮತ್ತು ಪ್ರಶ್ನೆ ಇನ್ನೂ ಎದುರಾಳಿಗಳಾಗಿರಲಿಲ್ಲ.

ಮದ್ರಾಸು ಆಧಿಪತ್ಯದ ಆಡಳಿತದಲ್ಲಿಯೂ ಈ ಸ್ಥಿತಿ ಮೂಲತಃ ಬದಲಾಗಲಿಲ್ಲ. ಆಸ್ತಿ ಮತ್ತು ತೆರಿಗೆಯ ಆಧಾರದ ಮೇಲೆ ಮತಾಧಿಕಾರ ನೀಡಲಾಗುತ್ತಿತ್ತು. ಇಲ್ಲೊಂದು ಗಮನಾರ್ಹ ಸಂಗತಿಯಿದೆ. ಮದ್ರಾಸಿನ ಜಿಲ್ಲಾ ಮುನಿಸಿಪಾಲಿಟಿಗಳ ಕಾಯಿದೆ, ಸ್ಥಳೀಯ ಮಂಡಳಿಗಳ ಕಾಯಿದೆ ಇವೆರಡೂ 1920ರವು. ಮತಕ್ಕಾಗಿ ಲಂಚ ಕೊಡುವುದನ್ನೂ ಪಡೆಯುವುದನ್ನೂ ಅಪರಾಧವೆಂದು ಸಾರಿದ ಅಧ್ಯಾಯ ಭಾರತೀಯ ದಂಡ ಸಂಹಿತೆಗೆ ಸೇರಿದ್ದೂ ಅದೇ ವರ್ಷ. ಮತವು ಹೆಚ್ಚು ಜನರ ಕೈಗೆ ಬರತೊಡಗಿದಾಗಲೇ ಅದಕ್ಕೆ ಬೆಲೆಯೂ ಬಂದಿತೆಂಬುದನ್ನು ಶಾಸನಕರ್ತರು ಬಲ್ಲವರಾಗಿದ್ದರು.

ಸಂವಿಧಾನವು ವಯಸ್ಕರೆಲ್ಲರಿಗೂ ಮತ ನೀಡಿದ ಮೇಲೂ ಈ ಸೀಮೆಯ ಗೇಣಿ ಒಕ್ಕಲಿಗೆ ಅದು ಪೂರ್ತಿ ತನ್ನದಾಗಿರಲಿಲ್ಲ. ಒಡೆಯರ ಮಾತು ಯಾವ ಕಡೆಗೋ ಒಕ್ಕಲಿನ ಮತವೂ ಆ ಕಡೆಗೆ. ಅಲ್ಲಿ ನಗದು ಕೈಬದಲಾಗಬೇಕಾದ ಅಗತ್ಯವೇ ಇರಲಿಲ್ಲ. ಗೇಣಿ ಚೀಟಿಯೇ ಸಾಕಾಗಿತ್ತು. 1974ರ ಭೂಸುಧಾರಣೆಯ ಬಳಿಕ ಭೂನ್ಯಾಯ ಮಂಡಳಿಗಳ ಮೂಲಕ ಒಕ್ಕಲು ಭೂಮಿಯ ಒಡೆಯನಾದ. ಮತ ಕೇಳುವವನು ಆತನ ಅಂಗಳಕ್ಕೆ ಬರಬೇಕಾಯಿತು. ನಗದು ಹಣ ಮನೆಬಾಗಿಲಿಗೆ ಬಂದದ್ದು ಈ ಸ್ವಾತಂತ್ರ್ಯದ ಇನ್ನೊಂದು ಮುಖವೆಂದು ನನ್ನ ಅಭಿಪ್ರಾಯ. ಇದನ್ನು ಬರೀ ಅವನತಿಯೆಂದು ಬರೆಯುವ ಚರಿತ್ರೆ ಅರ್ಧ ಚರಿತ್ರೆ.

ಗುಪ್ತ ಮತದಾನದಲ್ಲಿ ಹಣ ಪಡೆದವನು ಯಾರಿಗೆ ಮತವಿತ್ತನೆಂದು ತಿಳಿಯುವುದು ಹೇಗೆ? ಈ ತೊಡಕಿಗೆ ಜನಪದವೇ ಒಂದು ಉತ್ತರವನ್ನು ಒದಗಿಸಿತ್ತು, ಆಣೆ. ಕ್ಷೇತ್ರಕಾರ್ಯದ ಸಂದರ್ಭದಲ್ಲಿ ಹಿರಿಯರು ಹೇಳಿದಂತೆ, ಹಣದೊಂದಿಗೆ ದೈವದ ಹೆಸರಿನಲ್ಲಿ ಮಾತನ್ನೂ ಪಡೆಯಲಾಗುತ್ತಿತ್ತು. ಗಡಿತಂಟೆ, ಸಾಲದ ವ್ಯಾಜ್ಯಗಳನ್ನು ಬಗೆಹರಿಸಲು ಇದ್ದ ಪ್ರಮಾಣದ ಪದ್ಧತಿ ಹೀಗೆ ಮತದ ವ್ಯವಹಾರಕ್ಕೂ ಒದಗಿತು. ಬಾರಕೂರಿನ ಕಡೆಯ ವೃದ್ಧೆಯೊಬ್ಬರು ತಾವು ಹಣವನ್ನು ಮರಳಿಸಿದ ಕಾರಣವನ್ನು ಹೀಗೆ ಹೇಳಿದರು: "ದುಡ್ ತಕಂಡ್ ಮೇಲೆ ಕೇಂಬುಕೆ ಬಾಯಿಲ್ಲೆ." ಅವರ ಮನೆಗೆ ಹೋಗುವ ಕಾಲುಸಂಕ ಆ ಮಳೆಗಾಲದಲ್ಲಿ ಮುರಿದಿತ್ತು. ಅವರಿಗೆ ಕೇಳಬೇಕಾದದ್ದು ಇತ್ತು.

ಪ್ರಶ್ನೆಯೊಂದನ್ನೇ ಬಂಡವಾಳವಾಗಿಸಿಕೊಂಡು ಚುನಾವಣೆಗೆ ನಿಂತ ಪ್ರಸಿದ್ಧ ನಿದರ್ಶನವೂ ಈ ನೆಲದವರದೇ. ಕೋಟದಲ್ಲಿ 1902ರಲ್ಲಿ ಹುಟ್ಟಿದ ಶಿವರಾಮ ಕಾರಂತರು 1989ರ ಲೋಕಸಭಾ ಚುನಾವಣೆಯಲ್ಲಿ, ತಮ್ಮ 87ನೆಯ ವಯಸ್ಸಿನಲ್ಲಿ, ಉತ್ತರ ಕನ್ನಡದಿಂದ ಸ್ಪರ್ಧಿಸಿದರು. ಕೈಗಾ ಅಣುಸ್ಥಾವರಕ್ಕೆ ವಿರೋಧವೇ ಅವರ ಮುಖ್ಯ ವಿಷಯ. ಅವರು ಸೋತರು, ಕಾಂಗ್ರೆಸ್ಸಿನ ಜಿ. ದೇವರಾಯ ನಾಯ್ಕರು ಗೆದ್ದರು. ಈ ಸೋಲನ್ನು ಹಣದ ಮುಂದೆ ಆದರ್ಶದ ಸೋಲೆಂದಷ್ಟೇ ವಿವರಿಸುವುದು ಸುಲಭ. ಆದರೆ ಮತದಾರನು ಕೇಳುವ ಪ್ರಶ್ನೆ ಹೆಚ್ಚಾಗಿ ಅವನ ಅಂಗಳದಿಂದ ಹುಟ್ಟುತ್ತದೆ. ಇನ್ನೂ ಕಾಣದ ವಿಕಿರಣದ ಭಯ ಕಾಲುಸಂಕದಷ್ಟು ಹತ್ತಿರದ್ದಾಗಿರಲಿಲ್ಲ.

ಹಾಗಾದರೆ ಅಂಗಳದ ಪ್ರಶ್ನೆಗೆ ಹತ್ತಿರವಾದ ಪುರಸಭೆಯಲ್ಲಿ ಸ್ಥಿತಿ ಏನು? ಮಂಗಳೂರು ಮಹಾನಗರ ಪಾಲಿಕೆಗೆ ಮೇಯರ್ ಇರುವಂತೆ ಕುಂದಾಪುರ ಪುರಸಭೆಗೆ ಅಧ್ಯಕ್ಷರು. ಇಬ್ಬರನ್ನೂ ಜನರು ನೇರವಾಗಿ ಆರಿಸುವುದಿಲ್ಲ, ಸದಸ್ಯರು ಆರಿಸುತ್ತಾರೆ. ಮತದಾರನ ಪ್ರಶ್ನೆ ವಾರ್ಡಿನ ಗಡಿಯಲ್ಲಿ ನಿಂತುಬಿಡುತ್ತದೆ. ಅಲ್ಲಿಂದ ಮುಂದೆ ಮೀಸಲಾತಿಯ ಸರದಿ, ಸಂಖ್ಯಾಬಲ, ಪಕ್ಷದ ಸೂಚನೆ ಇವು ಕೆಲಸ ಮಾಡುತ್ತವೆ. ಕೆಲವೇ ಮತಗಳಿಂದ ಪದವಿ ನಿರ್ಧಾರವಾಗುವಲ್ಲಿ ಪ್ರತಿಯೊಂದು ಮತದ ಬೆಲೆಯೂ ಏರುವುದು ಸಹಜ. ಇದು ವ್ಯಕ್ತಿಗಳ ದೋಷಕ್ಕಿಂತ ವ್ಯವಸ್ಥೆಯ ರಚನೆಗೆ ಸಂಬಂಧಿಸಿದ್ದು. ಇನ್ನೊಂದು ತೊಡಕೆಂದರೆ ಊರಿನ ದೊಡ್ಡ ದೂರುಗಳು ಪುರಸಭೆಯ ಅಧಿಕಾರದಲ್ಲಿಯೇ ಇರುವುದಿಲ್ಲ. ಶಾಸ್ತ್ರಿ ವೃತ್ತದ ಮೇಲ್ಸೇತುವೆ ವರ್ಷಾನುಗಟ್ಟಲೆ ಅಪೂರ್ಣವಾಗಿ ನಿಂತಿದ್ದಾಗ ವಾರ್ಡಿನ ಸದಸ್ಯರಿಗೆ ಜನ ಛೀಮಾರಿ ಹಾಕಿದರು. ಆ ಕಾಮಗಾರಿ ರಾಷ್ಟ್ರೀಯ ಹೆದ್ದಾರಿಯದು.

ಗ್ರಾಮ ಪಂಚಾಯತ್‌ಗಳಲ್ಲಿ 1993ರ ಕಾಯಿದೆಯಂತೆ ಪಕ್ಷಗಳ ಚಿಹ್ನೆಯಿಲ್ಲ. ಚಿಹ್ನೆಯಿಲ್ಲದಿದ್ದರೂ ಪಕ್ಷವಿದೆ ಎಂಬುದು ಎಲ್ಲರೂ ಬಲ್ಲ ಮಾತು. 2020ರ ಚುನಾವಣೆಯ ವೇಳೆ ರಾಜ್ಯದ ಕೆಲವು ಹಳ್ಳಿಗಳಲ್ಲಿ ಸದಸ್ಯಸ್ಥಾನಗಳನ್ನೇ ಹರಾಜು ಹಾಕಿದ ವರದಿಗಳು ಬಂದವು. ಹರಾಜಿನ ಹಣ ದೇವಸ್ಥಾನಕ್ಕೆ, ಊರಿನ ಕೆಲಸಕ್ಕೆ ಎಂಬುದು ಸಮರ್ಥನೆಯಾಗಿತ್ತು. ಹಲರ ಕಾಲದ ತರ್ಕವೇ ಇದು: ಊರಿಗೆ ಕೊಡಬಲ್ಲವನೇ ಊರನ್ನು ಆಳಬಲ್ಲವನು.

ಕುಂದಾಪುರ ಪುರಸಭೆಯ 23 ವಾರ್ಡುಗಳಿಗೆ 2018ರ ಆಗಸ್ಟಿನಲ್ಲಿ ಚುನಾವಣೆ ನಡೆಯಿತು. ಅಧ್ಯಕ್ಷ, ಉಪಾಧ್ಯಕ್ಷ ಸ್ಥಾನಗಳ ಮೀಸಲಾತಿಯ ವಿವಾದ ನ್ಯಾಯಾಲಯದ ಮೆಟ್ಟಿಲೇರಿದ್ದರಿಂದ ರಾಜ್ಯದ ಅನೇಕ ಪಟ್ಟಣಗಳಂತೆ ಇಲ್ಲಿಯೂ 2020ರ ಉತ್ತರಾರ್ಧದ ತನಕ ಅಧ್ಯಕ್ಷರಿರಲಿಲ್ಲ. ಆ ಎರಡು ವರ್ಷ ಗೆದ್ದ ಸದಸ್ಯರು ವಾರ್ಡಿನಲ್ಲಿ ಜನರ ದೂರುಗಳನ್ನು ಕೇಳುತ್ತಿದ್ದರು. ಕಡತಗಳು ಆಡಳಿತಾಧಿಕಾರಿಯ ಮೇಜಿಗೆ ಹೋಗುತ್ತಿದ್ದವು.