ಬೆಳಕನ್ನು ಅಳೆದ ಬಗೆ

ಧಾರವಾಡ ಸೀಮೆಯ ದೇವಾಲಯಗಳ ಅತಿ ಹಳೆಯ ಛಾಯಾಚಿತ್ರಗಳ ಹಿಂದೆ ಒಬ್ಬ ತೋಪುಖಾನೆಯ ಅಧಿಕಾರಿಯ ಮತ್ತು ಒಬ್ಬ ವೈದ್ಯರ ಶ್ರಮವಿದೆ. 1855ರಲ್ಲಿ ಮುಂಬಯಿ ತೋಪುಖಾನೆಯ ಥಾಮಸ್ ಬಿಗ್ಸ್ ಸಾಹೇಬರು ಸರಕಾರದ ಅಪ್ಪಣೆಯಂತೆ ಬಿಜಾಪುರ, ಬಾದಾಮಿ, ಐಹೊಳೆಗಳ ಚಿತ್ರಗಳನ್ನು ತೆಗೆದರು. ಅವರನ್ನು ಸೈನ್ಯಕ್ಕೆ ಮರಳಿ ಕರೆಯಲಾಗಿ, ಡಾಕ್ಟರ್ ಪಿಗೊ ಅವರು ಆ ಕಾರ್ಯವನ್ನು ಮುಂದುವರಿಸಿದರು. ಧಾರವಾಡ, ಮೈಸೂರು ಸೀಮೆಗಳ ಶಿಲ್ಪವನ್ನು ಕುರಿತು 1866ರಲ್ಲಿ ಲಂಡನ್ನಿನಲ್ಲಿ ಹೊರಬಂದ ದೊಡ್ಡ ಗ್ರಂಥದಲ್ಲಿ ಇವರಿಬ್ಬರ ಚಿತ್ರಗಳಿವೆ.

ಅವರ ಕಾಲದಲ್ಲಿ ಬೆಳಕನ್ನು ಅಳೆಯುವ ಯಂತ್ರವಿರಲಿಲ್ಲ. ಮಂದವಾದ ಕಾಗದದ ನೆಗೆಟಿವ್‌ಗೆ ನಿಮಿಷಗಟ್ಟಲೆ ಬೆಳಕು ಬೇಕಾಗುತ್ತಿತ್ತು. ಎಷ್ಟು ನಿಮಿಷವೆಂಬುದನ್ನು ಹೇಳಬೇಕಾದುದು ಅನುಭವವೇ. ಕಣ್ಣನ್ನು ನಂಬುವಂತಿಲ್ಲ. ಅದು ಬಿಸಿಲಿನಲ್ಲಿ ಕಿರಿದಾಗಿ ನೆರಳಿನಲ್ಲಿ ಹಿಗ್ಗಿ, ಎರಡನ್ನೂ ಸಮವೆಂಬಂತೆ ತೋರಿಸುತ್ತದೆ. ಸಾಲದುದಕ್ಕೆ ಆ ಕಾಗದವು ನೀಲಿ ಬೆಳಕಿಗೆ ಬೇಗ ಮಣಿಯುತ್ತಿತ್ತೇ ಹೊರತು ಕೆಂಪಿಗಲ್ಲ; ಕಣ್ಣಿಗೆ ಉಜ್ಜ್ವಲವಾದ ಸಂಜೆಯ ಹೊಂಬಿಸಿಲು ಅದರ ಪಾಲಿಗೆ ಬಹುಮಟ್ಟಿಗೆ ಕತ್ತಲೆಯೇ.

1890ರಲ್ಲಿ ಇಂಗ್ಲಂಡಿನ ಆಲ್ಫ್ರೆಡ್ ವಾಟ್ಕಿನ್ಸರು ಒಂದು ಸುಲಭೋಪಾಯವನ್ನು ಬಳಕೆಗೆ ತಂದರು. ಬೆಳಕಿಗೆ ಕಪ್ಪಾಗುವ ಕಾಗದದ ಚೂರೊಂದು ಗೊತ್ತುಪಡಿಸಿದ ಬಣ್ಣಕ್ಕೆ ಬರಲು ಹಿಡಿಯುವ ಕ್ಷಣಗಳನ್ನೆಣಿಸಿ, ಅದರಿಂದ ಲೆಕ್ಕ ಹಾಕುವುದು. 1932ರ ಸುಮಾರಿಗೆ ಅಮೇರಿಕೆಯ ವೆಸ್ಟನ್ ಕಂಪನಿಯ ಮೀಟರು ಬಂದಿತು. ಸೆಲೆನಿಯಮ್ ತಟ್ಟೆಯ ಮೇಲೆ ಬೆಳಕು ಬಿದ್ದೊಡನೆ ವಿದ್ಯುತ್ತು ಹುಟ್ಟಿ ಮುಳ್ಳು ಅಲುಗುತ್ತದೆ. ತರುವಾಯ ಮೀಟರು ಕ್ಯಾಮರಾದ ಹೊಟ್ಟೆಯನ್ನೇ ಸೇರಿತು.

ಆದರೆ ಈ ಯಂತ್ರಕ್ಕೆ ವಸ್ತುವಿನ ಗುರುತಿಲ್ಲ. ತಾನು ಕಂಡದ್ದೆಲ್ಲವೂ ಮಧ್ಯಮ ಬೂದುಬಣ್ಣದ್ದೆಂದು ಅದು ಭಾವಿಸುತ್ತದೆ. ಸುಣ್ಣ ಬಳಿದ ಗೋಡೆಯನ್ನು ತೋರಿಸಿದರೆ ಅದನ್ನು ಮಾಸಲು ಮಾಡುತ್ತದೆ. ಕರಿಗಲ್ಲನ್ನು ತೋರಿಸಿದರೆ ಬಿಳಿಚಿಸುತ್ತದೆ. ಕೈಯಿಂದ ಶಟರನ್ನೂ ಕಿಂಡಿಯನ್ನೂ ಹೊಂದಿಸುವವನು ಮುಳ್ಳನ್ನು ಸೊನ್ನೆಗೆ ತಂದು ನಿಲ್ಲಿಸಿದಲ್ಲಿಗೆ ಕೆಲಸ ಮುಗಿಯುವುದಿಲ್ಲ. ಗೋಡೆಗೆ ಒಂದು ಸ್ಟಾಪ್, ಅಂದರೆ ಇಮ್ಮಡಿ ಬೆಳಕು, ಹೆಚ್ಚಿಸಬೇಕು. ಕಲ್ಲಿಗೆ ಅಷ್ಟೇ ಇಳಿಸಬೇಕು.

ಹಾನಗಲ್ಲಿನ ತಾರಕೇಶ್ವರ ದೇವಾಲಯದ ಪದ್ಮವಿತಾನವು ಈ ವಿಷಯದಲ್ಲಿ ಒಳ್ಳೆಯ ಪರೀಕ್ಷಕ. ಮಂಟಪದ ಬಾಗಿಲ ಬೆಳಕು ಮೀಟರಿನ ದೃಷ್ಟಿಗೆ ಸೇರಿತೆಂದರೆ ಅದು ಬೆದರಿ ಬೆಳಕನ್ನು ತಗ್ಗಿಸುತ್ತದೆ. ಅಷ್ಟೊಂದು ಜಾಣ್ಮೆಯ ಕೆತ್ತನೆ ಕಪ್ಪಿನಲ್ಲಿ ಮುಳುಗುತ್ತದೆ. ಮಾವುತನಿಲ್ಲದ ಆನೆಯಂತೆ ತನ್ನಷ್ಟಕ್ಕೆ ನಡೆವ ಕ್ಯಾಮರಾ ಇಲ್ಲಿ ದಾರಿ ತಪ್ಪುವುದೇ ಹೆಚ್ಚು. ವಿತಾನವೊಂದನ್ನೇ ನೋಡಿ ಅಳೆದು, ಕಲ್ಲಿನ ಕಪ್ಪು ಉಳಿಯುವಷ್ಟು ತುಸು ತಗ್ಗಿಸಿದರೆ ದಳದಳವೂ ಎದ್ದು ಬರುತ್ತದೆ.

ಸವಣೂರಿನ ದೊಡ್ಡಹುಣಸೆ ಮಠದಲ್ಲಿ ಕಷ್ಟ ಬೇರೆ ಬಗೆಯದು. ಆಫ್ರಿಕಾ ಮೂಲದ ಆ ಮಹಾವೃಕ್ಷಗಳ ಬೊಡ್ಡೆಗಳು ಬೂದುಬಣ್ಣದವು, ಎಂದರೆ ಮೀಟರಿಗೆ ಒಪ್ಪುವಂಥವು. ಕೆಡಿಸುವುದು ಹಿಂದಣ ಬಿಳಿಯ ಆಕಾಶ. ಬಲ್ಲವನು ಬೊಡ್ಡೆಯ ಹತ್ತಿರ ಹೋಗಿ, ತನ್ನ ನೆರಳು ಬೀಳದಂತೆ ತೊಗಟೆಯನ್ನಷ್ಟೇ ಅಳೆದು, ಆ ಅಂಕಿಗಳನ್ನು ಕೈಯಿಂದ ನಿಲ್ಲಿಸಿ, ಇಡೀ ಮರ ಚೌಕಟ್ಟಿನಲ್ಲಿ ಹಿಡಿಯುವವರೆಗೆ ಹಿಂದೆ ಸರಿಯುತ್ತಾನೆ. ಅಲ್ಲಿಂದ ಮುಳ್ಳು ಎಷ್ಟು ಹೊಯ್ದಾಡಿದರೂ ಅವನು ಅಂಕಿಗಳನ್ನು ಮುಟ್ಟುವುದಿಲ್ಲ.